ಉಳಿದ ಮಗು ಬೆಳೆಯಬೇಡವೇ?

ಅರ್ಥಶಾಸ್ತ್ರಜ್ಞರು ಭಾರತದ ಮುಸ್ಲಿಮರ ಬಗ್ಗೆ ಬರೆದಾಗಲೆಲ್ಲ ಅದು ಬಹುತೇಕ ಕೊರತೆಗಳ ಪಟ್ಟಿಯೇ ಆಗಿರುತ್ತದೆ. ಶಾಲೆಯಲ್ಲಿ ಹಿಂದೆ, ಬ್ಯಾಂಕ್ ಸಾಲದಲ್ಲಿ ಹಿಂದೆ, ಸರಕಾರಿ ಹುದ್ದೆಯಲ್ಲಿ ಹಿಂದೆ. 2006ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಪಾರ್ಲಿಮೆಂಟಿನ ಮುಂದೆ ಬಂದಾಗ ಈ ಪಟ್ಟಿಗೆ ಅಧಿಕೃತ ಮುದ್ರೆ ಬಿತ್ತು. ಆ ವರದಿಯ ಒಂದು ಅಧ್ಯಾಯ ಮಾತ್ರ ಪತ್ರಿಕೆಗಳ ಕಣ್ಣಿಗೂ ಬೀಳಲಿಲ್ಲ, ನಮ್ಮ ವೇದಿಕೆಗಳ ಭಾಷಣಗಳಲ್ಲೂ ಕಾಣಿಸಲಿಲ್ಲ. ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿದ್ದ ಅರ್ಥಶಾಸ್ತ್ರಜ್ಞ ಡಾ. ಅಬೂಸಾಲೆಹ್ ಶರೀಫ್ ಮತ್ತು ಅವರ ಸಂಗಡಿಗರು ಅಲ್ಲಿ ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದ್ದರು. ಬಡತನ, ಅನಕ್ಷರತೆ ಎಲ್ಲದರಲ್ಲೂ ಹಿಂದಿರುವ ಈ ಸಮುದಾಯದಲ್ಲಿ ಹುಟ್ಟಿದ ಶಿಶುಗಳು ಸಾಯುವ ಪ್ರಮಾಣ ಮಾತ್ರ ರಾಷ್ಟ್ರೀಯ ಸರಾಸರಿಗಿಂತ ಕಡಿಮೆ.

1998-99ರ ಎರಡನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹುಟ್ಟಿದ ಪ್ರತಿ 1000 ಹಿಂದೂ ಶಿಶುಗಳಲ್ಲಿ ಸುಮಾರು 77 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಮುಸ್ಲಿಮರಲ್ಲಿ ಆ ಸಂಖ್ಯೆ ಸುಮಾರು 59. ತಾಯಿಯ ಓದು ಹೆಚ್ಚಿದಷ್ಟೂ, ಮನೆಯ ಆದಾಯ ಏರಿದಷ್ಟೂ ಮಕ್ಕಳು ಬದುಕುತ್ತಾರೆ ಎಂಬುದು ಜಗತ್ತಿನ ಎಲ್ಲೆಡೆ ಒಪ್ಪಿತವಾದ ನಿಯಮ. ಇಲ್ಲಿ ನಿಯಮವೇ ತಲೆಕೆಳಗಾಗಿತ್ತು. 2010ರಲ್ಲಿ ಸೋನಿಯಾ ಭಾಲೋತ್ರಾ ಮತ್ತು ಇಬ್ಬರು ಸಹ ಅರ್ಥಶಾಸ್ತ್ರಜ್ಞರು ಆರೋಗ್ಯ ಅರ್ಥಶಾಸ್ತ್ರದ ಒಂದು ಪ್ರಮುಖ ನಿಯತಕಾಲಿಕದಲ್ಲಿ ಇದನ್ನು ಒಂದು ಒಗಟೆಂದೇ ಕರೆದರು. ಆದಾಯ, ವಿದ್ಯೆ, ಹೆರಿಗೆಗಳ ನಡುವಿನ ಅಂತರ ಯಾವುದನ್ನು ಲೆಕ್ಕಕ್ಕೆ ಹಿಡಿದರೂ ಉತ್ತರ ಸಿಗುವುದಿಲ್ಲ, ಬದಲಿಗೆ ಒಗಟು ಇನ್ನಷ್ಟು ಬಿಗಿಯಾಗುತ್ತದೆ ಎಂಬುದು ಅವರ ಅಧ್ಯಯನದ ಸಾರ. ಮಾಂಸಾಹಾರ ಕಾರಣವಿರಬಹುದೇ? ಹೆಣ್ಣುಮಗುವಿನ ಬಗ್ಗೆ ತಾತ್ಸಾರ ಕಡಿಮೆ ಎಂಬುದು ಕಾರಣವೇ? ಊಹೆಗಳು ಹಲವು ಬಂದವು.

ಮೈಕೆಲ್ ಜೆರುಸೋ ಮತ್ತು ಡೀನ್ ಸ್ಪಿಯರ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಕೊಟ್ಟ ಉತ್ತರ ತೀರಾ ಸರಳವಾದದ್ದು. ಮೂರು ಕುಟುಂಬ ಆರೋಗ್ಯ ಸಮೀಕ್ಷೆಗಳ ಅಂಕಿ-ಅಂಶಗಳನ್ನು ಜಾಲಾಡಿದ ಅವರು ಕಂಡುಕೊಂಡ ಕಾರಣ ಶೌಚಾಲಯ. ಆ ಕಾಲದ ಭಾರತದಲ್ಲಿ ಬಯಲು ಶೌಚದ ರೂಢಿ ಮುಸ್ಲಿಮರಿಗಿಂತ ಹಿಂದೂಗಳಲ್ಲಿ ಶೇಕಡಾ 40ರಷ್ಟು ಹೆಚ್ಚು. ಐದು ವರ್ಷದೊಳಗಿನ ಮಕ್ಕಳ ಮರಣದಲ್ಲಿ ಕಂಡುಬಂದ ಸುಮಾರು ಶೇಕಡಾ 18ರ ಅಂತರವನ್ನು ಈ ಒಂದೇ ವ್ಯತ್ಯಾಸ ಪೂರ್ತಿಯಾಗಿ ವಿವರಿಸಬಲ್ಲದು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಮಣ್ಣಿನಿಂದ ಕಾಲಿಗೆ, ಕಾಲಿನಿಂದ ಅಂಗಳಕ್ಕೆ, ನೊಣದಿಂದ ಅನ್ನಕ್ಕೆ, ಬಾವಿಯಿಂದ ಹಾಲಿನ ಬಾಟಲಿಗೆ ಸಾಗುವ ರೋಗಾಣು ಮಗುವಿಗೆ ಭೇದಿ ತರುತ್ತದೆ. ಮತ್ತೆ ಮತ್ತೆ ಭೇದಿಯಾದ ಮಗುವಿನ ಕರುಳು ತಿಂದದ್ದನ್ನು ಹೀರಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಇದರಲ್ಲಿ ನಿಗೂಢವೇನೂ ಇಲ್ಲ.

ಇಷ್ಟು ಓದಿ ನಮ್ಮಲ್ಲಿ ಕೆಲವರು ಎದೆಯುಬ್ಬಿಸಬಹುದು. ಶುಚಿತ್ವವನ್ನು ಈಮಾನಿನ ಅರ್ಧಭಾಗವೆಂದು ಕಲಿಸಿದ ಧರ್ಮ ನಮ್ಮದು. ಜನ ನಡೆದಾಡುವ ದಾರಿಯಲ್ಲಿ, ಜನ ಕುಳಿತುಕೊಳ್ಳುವ ನೆರಳಿನಲ್ಲಿ, ನೀರಿನ ತಾಣಗಳಲ್ಲಿ ಮಲವಿಸರ್ಜನೆ ಮಾಡುವುದನ್ನು ಪ್ರವಾದಿ ಮುಹಮ್ಮದ್(ಸ) ಶಾಪಗ್ರಸ್ತ ಕೃತ್ಯವೆಂದು ಎಚ್ಚರಿಸಿದ್ದಾರೆ. ಐದು ಹೊತ್ತಿನ ವುಝೂ, ಇಸ್ತಿಂಜಾದ ಶಿಸ್ತು, ಪರ್ದಾದ ಕಾರಣಕ್ಕಾದರೂ ಮನೆಯೊಳಗೇ ಒಂದು ಮೂಲೆಯನ್ನು ಶೌಚಕ್ಕೆ ಮೀಸಲಿಟ್ಟ ಪದ್ಧತಿ, ಇವೆಲ್ಲ ಶತಮಾನಗಳಿಂದ ನಮ್ಮ ಎಷ್ಟು ಕಂದಮ್ಮಗಳನ್ನು ಕಾಪಾಡಿದವೋ ಅಲ್ಲಾಹನೇ ಬಲ್ಲ. ಆದರೆ ಆ ಅಧ್ಯಯನದ ಮುಖ್ಯ ಮಾತು ಇದಲ್ಲ. 2018ರಲ್ಲಿ ಪ್ರಕಟವಾದ ಅದರ ಅಂತಿಮ ರೂಪದಲ್ಲಿ ಲೇಖಕರು ಸಾಧಿಸಿ ತೋರಿಸಿದ್ದು ಬೇರೆಯದೇ. ಮಗು ಬದುಕುವುದು ತನ್ನ ಮನೆಯಲ್ಲಿ ಶೌಚಾಲಯವಿದೆ ಎಂಬ ಕಾರಣಕ್ಕಿಂತ ಹೆಚ್ಚಾಗಿ ನೆರೆಮನೆಯಲ್ಲಿ ಶೌಚಾಲಯವಿದೆ ಎಂಬ ಕಾರಣಕ್ಕೆ. ಮುಸ್ಲಿಮರು ಹೆಚ್ಚಾಗಿರುವ ಕೇರಿಯಲ್ಲಿ ವಾಸಿಸುವ ಹಿಂದೂ ಕುಟುಂಬದ ಮಗುವಿಗೂ ಅದೇ ರಕ್ಷಣೆ ಸಿಗುತ್ತದೆ. ಬಯಲು ಶೌಚ ಹೆಚ್ಚಿರುವ ಊರಿನಲ್ಲಿ ಒಂಟಿಯಾಗಿ ವಾಸಿಸುವ ಮುಸ್ಲಿಮ್ ಕುಟುಂಬದ ಮಗುವಿಗೆ ಅದು ಸಿಗುವುದಿಲ್ಲ. ರೋಗಾಣುವಿಗೆ ಜಾತಿ-ಧರ್ಮವಿಲ್ಲ. ನೆರೆಯವರ ಹಕ್ಕಿನ ಬಗ್ಗೆ ನಮ್ಮ ಉಲೆಮಾಗಳು ಶುಕ್ರವಾರದ ಖುತ್ಬಾಗಳಲ್ಲಿ ಹೇಳುತ್ತ ಬಂದಿರುವುದಕ್ಕೆ ಅಂಕಿ-ಅಂಶಗಳ ಭಾಷೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯ ನಮಗೆ ಕಂಡಿಲ್ಲ.

ಹಾಗಿದ್ದರೂ ಹಿಗ್ಗಲು ಇದು ಕಾಲವಲ್ಲ. 2014ರ ನಂತರ ದೇಶದಾದ್ಯಂತ ಶೌಚಾಲಯಗಳು ಕಟ್ಟಲ್ಪಟ್ಟವು. ಘೋಷಣೆಗೂ ವಾಸ್ತವಕ್ಕೂ ಅಂತರವಿದ್ದದ್ದು ನಿಜ. 2019ರ ಅಕ್ಟೋಬರ್ 2ರಂದು ಬಯಲು ಶೌಚಮುಕ್ತವೆಂದು ಘೋಷಿಸಲ್ಪಟ್ಟ ದೇಶದಲ್ಲಿ, 2019-21ರ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆ ಹೋಗಿ ಕೇಳಿದಾಗ ಇನ್ನೂ ಶೇಕಡಾ 19 ಕುಟುಂಬಗಳು ಯಾವ ಶೌಚಾಲಯವನ್ನೂ ಬಳಸುತ್ತಿರಲಿಲ್ಲ. ಆದರೂ ಬದಲಾವಣೆ ದೊಡ್ಡದೇ. ದೇಶದ ಒಟ್ಟು ಶಿಶುಮರಣ 1998-99ರಲ್ಲಿ ಸಾವಿರಕ್ಕೆ 68 ಇದ್ದದ್ದು 2019-21ರ ವೇಳೆಗೆ 35ಕ್ಕೆ ಇಳಿಯಿತು, ಕರ್ನಾಟಕದಲ್ಲಿ ಸುಮಾರು 25ಕ್ಕೆ. ನೆರೆಯವರ ಮಕ್ಕಳು ಹೆಚ್ಚು ಹೆಚ್ಚು ಬದುಕುಳಿಯುತ್ತಿರುವುದಕ್ಕೆ ಸಂತೋಷಪಡೋಣ. ಅದರ ಜೊತೆಗೇ ನಮ್ಮ ಮುಂದೆ ಒಂದು ಪ್ರಶ್ನೆ ನಿಂತಿದೆ. ಧರ್ಮದ ಶಿಸ್ತು ಕೊಟ್ಟ ಮುನ್ನಡೆಯನ್ನು ನಾವು ಯಾವುದಕ್ಕೆ ಬಳಸಿಕೊಂಡೆವು? ಮಗು ಬದುಕಿತು. ಬದುಕಿದ ಮಗು ಬೆಳೆಯಿತೇ?

ಪ್ರಶ್ನೆಯನ್ನು ದೂರದ ದಿಲ್ಲಿಯಲ್ಲಿಟ್ಟು ಕೇಳುವುದಕ್ಕಿಂತ ದಾವಣಗೆರೆಯಲ್ಲಿ ಕೇಳುವುದು ಲೇಸು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನೆರೆಯ ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ನಾಡಿಗೆಲ್ಲ ಲೇತ್ ಯಂತ್ರಗಳನ್ನು ಮಾಡಿಕೊಟ್ಟ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ಸ್ತಬ್ಧವಾಯಿತು. ತಿಂಗಳ ಸಂಬಳ, ಭವಿಷ್ಯನಿಧಿ, ಇ.ಎಸ್.ಐ. ಆಸ್ಪತ್ರೆಯ ಚೀಟಿ ಇದ್ದ ಕುಟುಂಬಗಳು ಆಟೋ, ತಳ್ಳುಗಾಡಿ, ಗ್ಯಾರೇಜು, ಬೀಡಿ ಮತ್ತು ಮಂಡಕ್ಕಿಗೆ ಇಳಿದವು. ಕಾರ್ಖಾನೆ ಮುಚ್ಚಿದಾಗ ಕಳೆದುಹೋಗುವುದು ಕೂಲಿಯಷ್ಟೇ ಅಲ್ಲ. ಹೆಂಡತಿಯ ಹೆರಿಗೆಗೆ, ಮಗುವಿನ ಜ್ವರಕ್ಕೆ ಇದ್ದ ಆಸರೆಯೂ ಹೋಗುತ್ತದೆ. ಈ ಲೆಕ್ಕವನ್ನು ಯಾವ ಸರಕಾರವೂ ಇಟ್ಟಂತಿಲ್ಲ.

ದಾವಣಗೆರೆಯ ಮಂಡಕ್ಕಿಯನ್ನು ರಾಜ್ಯವೇ ಮೆಚ್ಚಿ ತಿನ್ನುತ್ತದೆ. ಅದನ್ನು ಹುರಿಯುವ ಭಟ್ಟಿಗಳಲ್ಲಿ ಮೂರು ತಲೆಮಾರಿನಿಂದ ಬೆವರು ಸುರಿಸುತ್ತಿರುವವರಲ್ಲಿ ಬಹುಪಾಲು ಮುಸ್ಲಿಮರು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಬೆರೆಸಿ, ಕಾದ ಮರಳಿನ ಬಾಣಲೆಯಲ್ಲಿ ಹುರಿಯುವ ಈ ಕೆಲಸ ಬೆಳಗಿನ ಜಾವಕ್ಕೇ ಶುರುವಾಗುತ್ತದೆ. ಹೆಂಗಸರು, ಅನೇಕ ಸಲ ಬಸುರಿಯರೂ, ಬಿಸಿಯೆದುರು ನಿಲ್ಲುತ್ತಾರೆ. ಒಲೆಗೆ ಹೊಟ್ಟು, ಕಟ್ಟಿಗೆ, ಅಗ್ಗಕ್ಕೆ ಸಿಕ್ಕರೆ ಹಳೆಯ ಟೈರು ಕೂಡ ಬಿದ್ದದ್ದುಂಟು. ಭಟ್ಟಿಯ ಪಕ್ಕದಲ್ಲೇ ಮನೆ, ಮನೆಯ ಪಕ್ಕದಲ್ಲೇ ತೆರೆದ ಚರಂಡಿ, ಚರಂಡಿಯ ಮೇಲೆ ಹಾಸಿದ ಕಲ್ಲಿನ ಮೇಲೆ ಮಕ್ಕಳ ಆಟ. 2016ರ ಜನವರಿಯಲ್ಲಿ ಕೇಂದ್ರ ಸರಕಾರ ಆರಿಸಿದ ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ದಾವಣಗೆರೆಯೂ ಒಂದು. ಮಂಡಕ್ಕಿ ಭಟ್ಟಿ ಪ್ರದೇಶದ ಸುಧಾರಣೆ ಆ ಯೋಜನೆಯ ಮಾತುಗಳಲ್ಲಿ ಸೇರಿತ್ತು. ಹೊಗೆಯಿಲ್ಲದ ಒಲೆಯ ಮಾತು ಒಳ್ಳೆಯದೇ. ಆದರೆ ಭಟ್ಟಿಯಲ್ಲಿ ದುಡಿಯುವ ತಾಯಿಯ ರಕ್ತದಲ್ಲಿ ಎಷ್ಟು ಕಬ್ಬಿಣಾಂಶವಿದೆ ಎಂದು ಕೇಳುವ ಅಂಕಣ ಯಾವ ಸ್ಮಾರ್ಟ್ ಯೋಜನೆಯಲ್ಲಿದೆ?

ಇದೇ ಊರಿನಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಚಿಗಟೇರಿ ಹೆಸರಿನ ಜಿಲ್ಲಾ ಆಸ್ಪತ್ರೆ ಇದೆ, ಮಕ್ಕಳಿಗಾಗಿಯೇ ಇರುವ ಬಾಪೂಜಿ ಆಸ್ಪತ್ರೆ ಇದೆ. ಹರಿಹರ ತಾಲ್ಲೂಕಿನ ಸಾರಥಿಯಂತಹ ಹಳ್ಳಿಗಳಿಂದಲೂ ರೋಗಿಗಳು ಇಲ್ಲಿಗೇ ಬರುತ್ತಾರೆ. ಸಾಚಾರ್ ವರದಿ ಹೇಳಿದಂತೆ ಮುಸ್ಲಿಮರು ಹೆಚ್ಚಿರುವ ದೊಡ್ಡ ಗ್ರಾಮಗಳ ಪೈಕಿ ಸುಮಾರು ಶೇಕಡಾ 40ರಲ್ಲಿ ಯಾವ ವೈದ್ಯಕೀಯ ಸೌಲಭ್ಯವೂ ಇಲ್ಲದ ದೇಶದಲ್ಲಿ ಇದು ಸಣ್ಣ ಭಾಗ್ಯವಲ್ಲ. ಆದ್ದರಿಂದ ಇಲ್ಲಿ ಆಸ್ಪತ್ರೆ ದೂರ ಎಂಬ ನೆಪ ನಡೆಯದು. ಆಸ್ಪತ್ರೆ ಕಾಯಿಲೆ ಬಿದ್ದ ಮಗುವನ್ನು ಗುಣಪಡಿಸುತ್ತದೆ. ಕಾಯಿಲೆ ಹುಟ್ಟುವ ಜಾಗ ಮೊಹಲ್ಲಾ. ಆಜಾದ್ ನಗರ, ಬಾಷಾ ನಗರಗಳಂತಹ ಬಡಾವಣೆಗಳಲ್ಲಿ ಇಂದು ಕೇಳಬೇಕಾದ ಪ್ರಶ್ನೆ ಮನೆಯಲ್ಲಿ ಶೌಚಾಲಯ ಇದೆಯೇ ಎಂಬುದಲ್ಲ, ಅದರಿಂದ ಹೊರಟ ಹೊಲಸು ಎಲ್ಲಿಗೆ ಹೋಗುತ್ತಿದೆ ಎಂಬುದು. ರಾಜನಹಳ್ಳಿಯಿಂದ ಬರುವ ತುಂಗಭದ್ರೆಯ ನೀರು, ಕುಂದವಾಡ ಕೆರೆಯ ನೀರು ನಲ್ಲಿಗೆ ತಲುಪುವ ಮೊದಲು ಒಡೆದ ಕೊಳವೆಯಲ್ಲಿ ಯಾವುದರ ಜೊತೆ ಬೆರೆಯುತ್ತಿದೆ ಎಂಬುದು. ಬೇಸಿಗೆಯಲ್ಲಿ ನೀರು ಬಿಡುವ ದಿನಗಳ ನಡುವಿನ ಅಂತರ ಹೆಚ್ಚಿದಾಗ ಡ್ರಮ್ಮುಗಳಲ್ಲಿ ಕೂಡಿಟ್ಟ ನೀರಿನಲ್ಲಿ ಸೊಳ್ಳೆ ಸಂಸಾರ ಹೂಡುತ್ತದೆ. ತಹಾರತ್ ಎಂದರೆ ಕೈಕಾಲು ತೊಳೆಯುವುದಷ್ಟೇ ಎಂದು ತಿಳಿದ ನಾವು ಆ ತೊಳೆದ ನೀರು ಹರಿಯುವ ಚರಂಡಿಯನ್ನು ದೀನಿನ ಹೊರಗಿಟ್ಟೆವು.

ಮೊಹಲ್ಲಾ ಮಗುವನ್ನು ಉಳಿಸುತ್ತದೆ ಎಂದೆವು. ಅದೇ ಮೊಹಲ್ಲಾ ಮಗುವಿನ ಬೆಳವಣಿಗೆಯನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದಕ್ಕೆ ಮತ್ತೊಂದು ಅಧ್ಯಯನ ಕನ್ನಡಿ ಹಿಡಿದಿದೆ. ಸ್ಯಾಮ್ ಆಶರ್, ಪಾಲ್ ನೊವೊಸಾಡ್, ಅಂಜಲಿ ಅಡುಕಿಯಾ ಮುಂತಾದ ಅರ್ಥಶಾಸ್ತ್ರಜ್ಞರು 2023ರಲ್ಲಿ ಹೊರತಂದ ಪ್ರಬಂಧದಲ್ಲಿ ದೇಶದ ಸುಮಾರು 15 ಲಕ್ಷ ನೆರೆಹೊರೆಗಳನ್ನು ಒಂದೊಂದಾಗಿ ಪರಿಶೀಲಿಸಿದ್ದಾರೆ. ದೇಶದ ಮುಸ್ಲಿಮರಲ್ಲಿ ಶೇಕಡಾ 26 ಮಂದಿ ಶೇಕಡಾ 80ಕ್ಕೂ ಹೆಚ್ಚು ಮುಸ್ಲಿಮರೇ ಇರುವ ಕೇರಿಗಳಲ್ಲಿ ವಾಸಿಸುತ್ತಾರೆ. ಇಂತಹ ಕೇರಿಗಳಲ್ಲಿ ಸರಕಾರಿ ಪ್ರೌಢಶಾಲೆ ಸಿಗುವ ಸಾಧ್ಯತೆ ಇತರ ಕೇರಿಗಳಿಗಿಂತ ಅರ್ಧದಷ್ಟು. ಪೂರ್ತಿ ಮುಸ್ಲಿಮರೇ ಇರುವ ಕೇರಿಯಲ್ಲಿ ಬೆಳೆಯುವ ಮಗು, ಮುಸ್ಲಿಮರೇ ಇಲ್ಲದ ಕೇರಿಯ ಮಗುವಿಗಿಂತ ಸರಾಸರಿ ಎರಡು ವರ್ಷ ಕಡಿಮೆ ಓದುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಜಿಲ್ಲೆಗೆ ಎಷ್ಟು ಶಾಲೆ, ತಾಲ್ಲೂಕಿಗೆ ಎಷ್ಟು ಆಸ್ಪತ್ರೆ ಎಂದು ಲೆಕ್ಕ ಹಾಕಿದರೆ ಈ ಅನ್ಯಾಯ ಕಾಣುವುದಿಲ್ಲ. ಅದು ಕಾಣುವುದು ವಾರ್ಡಿನೊಳಗೆ, ಬೀದಿಬೀದಿಯ ಲೆಕ್ಕ ತೆಗೆದಾಗ. ಅಧಿಕಾರಿಗಳು ಜಿಲ್ಲೆಯ ಸರಾಸರಿಯನ್ನು ತೋರಿಸಿ ಬೆನ್ನು ತಟ್ಟಿಕೊಳ್ಳುತ್ತಾರೆ. ನಮ್ಮ ಕಾರ್ಪೊರೇಟರುಗಳು ಆ ಸರಾಸರಿಗೆ ತಲೆದೂಗುತ್ತಾರೆ. ಕೋಮು ಗಲಭೆಗಳಾದಾಗಲೆಲ್ಲ ಭಯದಿಂದ ಒತ್ತೊತ್ತಾಗಿ ಸೇರಿಕೊಂಡ ಜನ, ಸೇರಿಕೊಂಡ ಕಾರಣಕ್ಕೇ ಸರಕಾರದ ಕಣ್ಣಿನಿಂದ ಮರೆಯಾಗುತ್ತಾರೆ. ಭಯ ನಮ್ಮನ್ನು ಅಲ್ಲಿಗೆ ದೂಡಿತೆಂಬುದು ಸತ್ಯ. ಅಲ್ಲಿಯೇ ಇರಲಿ ಎಂದು ಬಿಟ್ಟದ್ದು ಆಡಳಿತದ ನಿರ್ಧಾರವೆಂಬುದೂ ಅಷ್ಟೇ ಸತ್ಯ.

ರಾಜಕೀಯದ ಮಾತು ಬಂದದ್ದರಿಂದ ಇನ್ನೊಂದು ವಿಷಯವನ್ನೂ ಹೇಳಿಬಿಡೋಣ. 2024ರ ಮೇ ತಿಂಗಳಲ್ಲಿ, ಲೋಕಸಭಾ ಚುನಾವಣೆಯ ನಡುಮಧ್ಯದಲ್ಲಿ, ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿಯ ಹೆಸರಿನಲ್ಲಿ ಒಂದು ಪ್ರಬಂಧ ಹೊರಬಂತು. 1950ರಿಂದ 2015ರ ನಡುವೆ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು ಶೇಕಡಾ 9.84ರಿಂದ 14.09ಕ್ಕೆ ಏರಿತು ಎಂಬುದು ಅದರಲ್ಲಿದ್ದ ಅಂಕಿ. ಟಿ.ವಿ. ಪರದೆಗಳ ಮೇಲೆ ಅದು ಶೇಕಡಾ 43ರ ಹೆಚ್ಚಳವೆಂದು ಕಿರುಚಿತು. 65 ವರ್ಷಗಳಲ್ಲಿ ನಾಲ್ಕು ಶೇಕಡಾ ಅಂಶದ ಬದಲಾವಣೆಯನ್ನು ಹೀಗೆ ಊದಿ ತೋರಿಸಿದವರು ಮತ್ತೊಂದು ಅಂಕಿಯನ್ನು ಮುಚ್ಚಿಟ್ಟರು. ಮುಸ್ಲಿಮ್ ಮಹಿಳೆಯೊಬ್ಬರಿಗೆ ಹುಟ್ಟುವ ಮಕ್ಕಳ ಸರಾಸರಿ 1992-93ರಲ್ಲಿ 4.4 ಇತ್ತು. 2005-06ರಲ್ಲಿ 3.4, 2015-16ರಲ್ಲಿ 2.6, 2019-21ರಲ್ಲಿ 2.36. ಇಷ್ಟು ವೇಗದ ಇಳಿಕೆ ದೇಶದ ಬೇರಾವ ದೊಡ್ಡ ಸಮುದಾಯದಲ್ಲೂ ಆಗಿಲ್ಲ. ಯಾವ ಬಲವಂತದ ಕಾಯಿದೆಯೂ ಇದನ್ನು ಮಾಡಲಿಲ್ಲ. ಮಕ್ಕಳು ಬದುಕುತ್ತಾರೆಂಬ ಭರವಸೆ, ಹೆಣ್ಣುಮಕ್ಕಳ ಓದು, ಪಟ್ಟಣದ ಬದುಕಿನ ಖರ್ಚು, ಇವು ಮಾಡಿದವು. ಇನ್ನು ಸಂತಾನದ ಹೆಸರಿನಲ್ಲಿ ನಮ್ಮನ್ನು ಹೀಗಳೆಯುವವರು 2001ರ ಜನಗಣತಿಯ ಪುಟ ತಿರುವಿ ನೋಡಲಿ. ಆರು ವರ್ಷದೊಳಗಿನ ಪ್ರತಿ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ದೇಶದಲ್ಲಿ 927. ಮುಸ್ಲಿಮರಲ್ಲಿ 950. ಅಮರ್ತ್ಯ ಸೇನರು 1990ರಲ್ಲಿ ಜಗತ್ತಿನಿಂದ ಕಾಣೆಯಾದ ಹತ್ತು ಕೋಟಿ ಹೆಣ್ಣುಗಳ ಬಗ್ಗೆ ಬರೆದು ಬೆಚ್ಚಿಬೀಳಿಸಿದರಲ್ಲ, ಜೀವಂತ ಹೂಳಲ್ಪಟ್ಟ ಹೆಣ್ಣುಮಗುವಿನ ಪ್ರಶ್ನೆಯನ್ನು ಅಂತ್ಯದಿನದ ವಿಚಾರಣೆಗೆ ತಂದು ನಿಲ್ಲಿಸಿದ ಗ್ರಂಥವನ್ನು ನಂಬುವ ಜನ ಆ ಪಾಪದಲ್ಲಿ ಇತರರಷ್ಟು ಭಾಗಿಗಳಾಗಲಿಲ್ಲ ಎಂಬ ಸಮಾಧಾನ ನಮಗಿದೆ. 950 ಎಂಬುದೂ ಪೂರ್ಣ ನಿರ್ದೋಷದ ಅಂಕಿಯಲ್ಲ. ಸ್ಕ್ಯಾನಿಂಗ್ ಸೆಂಟರುಗಳ ಮುಂದೆ ಬುರ್ಖಾಗಳೂ ಸಾಲುಗಟ್ಟಿದ್ದುಂಟು.

ಈಗ ನಮ್ಮ ಮನೆಯೊಳಗಿನ ಮಾತು. ಹುಟ್ಟುವ ಮೊದಲೇ ಮಗುವಿನ ಆರೋಗ್ಯ ನಿರ್ಧಾರವಾಗುತ್ತದೆ ಎಂಬುದನ್ನು ಇಂದಿನ ಅರ್ಥಶಾಸ್ತ್ರ ಮತ್ತು ವೈದ್ಯಶಾಸ್ತ್ರ ಎರಡೂ ಒಪ್ಪುತ್ತವೆ. ಡಯೇನ್ ಕಾಫೀ ಎಂಬ ಸಂಶೋಧಕಿ 2015ರಲ್ಲಿ ತೋರಿಸಿದಂತೆ, ಭಾರತದಲ್ಲಿ ಗರ್ಭ ಧರಿಸುವ ಹೊತ್ತಿಗೆ ಶೇಕಡಾ 42 ಮಹಿಳೆಯರು ಇರಬೇಕಾದಕ್ಕಿಂತ ಕಡಿಮೆ ತೂಕದವರು. ಬಡವೆಂದು ನಾವು ಕನಿಕರಪಡುವ ಆಫ್ರಿಕದ ದೇಶಗಳಲ್ಲಿ ಈ ಪ್ರಮಾಣ ಇದರ ಅರ್ಧಕ್ಕಿಂತಲೂ ಕಡಿಮೆ. ಕಾರಣ ಅನ್ನದ ಅಭಾವವೊಂದೇ ಅಲ್ಲ. ಗರ್ಭಿಣಿಯಾಗುವವಳು ಮನೆಗೆ ಹೊಸದಾಗಿ ಬಂದ ಸೊಸೆ. ಎಲ್ಲರ ದಸ್ತರಖಾನ್ ಎತ್ತಿದ ಮೇಲೆ ಉಳಿದದ್ದನ್ನು ಉಣ್ಣುವವಳು ಅವಳು. ಅವಳ ಸ್ಥಾನ ಮನೆಯಲ್ಲಿ ಎಲ್ಲರಿಗಿಂತ ಕೆಳಗಿರುವ ಕಾಲದಲ್ಲೇ ಅವಳ ಗರ್ಭದಲ್ಲಿ ಮುಂದಿನ ತಲೆಮಾರು ಬೆಳೆಯುತ್ತಿರುತ್ತದೆ. ಕರ್ನಾಟಕದಲ್ಲಿ 2019-21ರಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲಿ ಇಬ್ಬರು ರಕ್ತಹೀನರು. ಮಕ್ಕಳಲ್ಲಿ ಶೇಕಡಾ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ನಮ್ಮ ಸಮುದಾಯದ ಮಕ್ಕಳು ಶಿಶುಮರಣದಲ್ಲಿ ಗಳಿಸಿದ್ದ ಮುನ್ನಡೆಯನ್ನು ಎತ್ತರ-ತೂಕದ ಅಳತೆಯಲ್ಲಿ ಉಳಿಸಿಕೊಂಡಿಲ್ಲ ಎಂಬುದನ್ನು ಸಾಚಾರ್ ಸಮಿತಿಯೇ ಗುರುತಿಸಿತ್ತು. ಮಾಂಸ ತಿನ್ನುವ ಮನೆಗಳಲ್ಲಿ ರಕ್ತಹೀನತೆ ಏಕೆ ಎಂದು ಕೇಳುವವರಿದ್ದಾರೆ. ಮಾಂಸದ ತುಂಡು ಯಾರ ತಟ್ಟೆಗೆ ಮೊದಲು ಬೀಳುತ್ತದೆ ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ. ಸೂರಃ ಅಲ್ ಬಕರಃದಲ್ಲಿ ಎರಡು ವರ್ಷ ಪೂರ್ತಿ ಹಾಲುಣಿಸುವ ವಿಷಯ ಬಂದಾಗ, ಅದರ ಬೆನ್ನಿಗೇ ಆ ತಾಯಿಯ ಅನ್ನ-ವಸ್ತ್ರದ ಹೊಣೆಯನ್ನು ಅಲ್ಲಾಹನು ಮಗುವಿನ ತಂದೆಯ ಮೇಲೆ ಹೊರಿಸಿದ್ದಾನೆ. ಮೊದಲ ಭಾಗವನ್ನು ನಾವು ಸೊಸೆಯರಿಗೆ ನೆನಪಿಸುತ್ತೇವೆ. ಎರಡನೆಯ ಭಾಗವನ್ನು ಮಗಂದಿರಿಗೆ ನೆನಪಿಸುವ ಅತ್ತೆಯರು ಎಷ್ಟು ಮಂದಿ?

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ಹಿಂಜರಿಯದೆ ಎತ್ತಬೇಕಾಗಿದೆ. ಡಗ್ಲಸ್ ಆಲ್ಮಂಡ್ ಮತ್ತು ಭಾಸ್ಕರ್ ಮಜುಂದಾರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ರಮಝಾನ್ ಮತ್ತು ಗರ್ಭಧಾರಣೆಯ ಕುರಿತ ಅಧ್ಯಯನ ಪ್ರಕಟಿಸಿದರು. ಅಮೆರಿಕದ ಮಿಷಿಗನ್ ರಾಜ್ಯದ ಅರಬ್ ಮೂಲದ ತಾಯಂದಿರ ಹೆರಿಗೆ ದಾಖಲೆಗಳಲ್ಲಿ, ಗರ್ಭಕಾಲದಲ್ಲಿ ರಮಝಾನ್ ಬಂದಿದ್ದ ಶಿಶುಗಳ ಜನನ ತೂಕ ತುಸು ಕಡಿಮೆ ಇತ್ತು. ಉಗಾಂಡ ಮತ್ತು ಇರಾಕಿನ ಜನಗಣತಿಗಳಲ್ಲಿ, ಗರ್ಭದ ಆರಂಭದ ತಿಂಗಳುಗಳಲ್ಲಿ ರಮಝಾನ್ ಹಾದುಹೋದವರು ದೊಡ್ಡವರಾದಾಗ ಅಂಗವೈಕಲ್ಯಕ್ಕೆ ತುತ್ತಾಗುವ ಸಾಧ್ಯತೆ ಸುಮಾರು ಶೇಕಡಾ 20 ಹೆಚ್ಚು ಕಂಡುಬಂತು. ಇದು ಉಪವಾಸದ ವಿರುದ್ಧದ ಸಂಚು ಎಂದು ಕೆಲವರು ಸಿಟ್ಟಿಗೇಳುವುದು ಬೇಡ. ಗರ್ಭಿಣಿಗೂ ಹಾಲುಣಿಸುವ ತಾಯಿಗೂ ತನ್ನ ಅಥವಾ ಮಗುವಿನ ಆರೋಗ್ಯದ ಭಯವಿದ್ದರೆ ಉಪವಾಸ ಬಿಡುವ ರಿಯಾಯಿತಿಯನ್ನು 1400 ವರ್ಷಗಳ ಹಿಂದೆಯೇ ಶರೀಅತ್ ಕೊಟ್ಟಿದೆ. ಸಂಶೋಧಕರು ಅಳೆದದ್ದು ಇಸ್ಲಾಮಿನ ವಿಧಿಯನ್ನಲ್ಲ, ಆ ವಿಧಿಯ ಕರುಣೆಯನ್ನು ಬಳಸಿಕೊಳ್ಳದ ಸಮಾಜವನ್ನು. ಐದು ತಿಂಗಳ ಬಸುರಿ ಮಧ್ಯಾಹ್ನ ಒಂದು ಲೋಟ ನೀರು ಕುಡಿದರೆ ಓಣಿಯ ಹೆಂಗಸರು ಏನೆಂದಾರೋ ಎಂಬ ಭಯ ಅಲ್ಲಾಹನ ಭಯವಲ್ಲ. ಈ ರಿಯಾಯಿತಿಯನ್ನು ಶಅಬಾನ್ ತಿಂಗಳಲ್ಲೇ ಸ್ಪಷ್ಟ ಮಾತುಗಳಲ್ಲಿ ವಿವರಿಸುವುದು ಖತೀಬರ ಹೊಣೆ. ಗಂಡಸರೇ ತುಂಬಿರುವ ಮಸೀದಿಯಲ್ಲಿ ಹೇಳಿದರೂ ಸಾಕು, ಕೇಳಬೇಕಾದವರು ಅವರೇ. ಭಟ್ಟಿಯೆದುರು ನಿಲ್ಲುವ ಬಸುರಿಯ ವಿಷಯದಲ್ಲಂತೂ ಈ ಮಾತಿಗೆ ಎರಡು ಪಟ್ಟು ತೂಕ.

ಮದುವೆಯ ವಯಸ್ಸಿನ ವಿಷಯವೂ ಇದಕ್ಕೆ ಹೊರತಲ್ಲ. ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಐವರಲ್ಲೊಬ್ಬರು 18 ತುಂಬುವ ಮೊದಲೇ ಮದುವೆಯಾದವರು ಎಂದು 2019-21ರ ಸಮೀಕ್ಷೆ ಹೇಳುತ್ತದೆ. ಎಲ್ಲ ಸಮುದಾಯಗಳೂ ಸೇರಿದ ಅಂಕಿ ಇದು. ರಾಜ್ಯದ ತಿದ್ದುಪಡಿ ಕಾನೂನಿನ ಪ್ರಕಾರ 2017ರಿಂದ ಇಂತಹ ಮದುವೆ ಆರಂಭದಿಂದಲೇ ಅಸಿಂಧು. ಕಾನೂನಿನ ಭಯಕ್ಕಿಂತ ಮುಂಚೆ ಕಾಣಬೇಕಾದದ್ದು ತನ್ನ ದೇಹವೇ ಇನ್ನೂ ಬೆಳೆಯುತ್ತಿರುವ ಹುಡುಗಿಯ ಗರ್ಭದಲ್ಲಿ ಮತ್ತೊಂದು ದೇಹ ಅನ್ನಕ್ಕಾಗಿ ಪೈಪೋಟಿಗಿಳಿಯುವ ದೃಶ್ಯ. ನಿಕಾಹ್ ದಫ್ತರಿನಲ್ಲಿ ವಯಸ್ಸಿನ ದಾಖಲೆ ಕೇಳದೆ ಸಹಿ ಹಾಕುವ ಜಮಾಅತ್ ಕಮಿಟಿಗಳು ಆಗ ಯಾರ ಪಕ್ಷದಲ್ಲಿ ನಿಂತಂತಾಯಿತು?

ಸರಕಾರದ ಕಡೆಯಿಂದ ಏನೂ ಬರುತ್ತಿಲ್ಲವೆಂದು ಹೇಳಿದರೆ ಅದು ಅನ್ಯಾಯವಾದೀತು. 2013ರಿಂದ ಶಾಲೆ-ಅಂಗನವಾಡಿಗಳಲ್ಲಿ ಕ್ಷೀರಭಾಗ್ಯದ ಹಾಲು ಸಿಗುತ್ತಿದೆ. 2017ರಲ್ಲಿ ಮಾತೃಪೂರ್ಣ ಯೋಜನೆ ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ತಂದಿತು. 2023ರಲ್ಲಿ ಬಂದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಯ ಹೆಸರಿನಲ್ಲಿಯೇ ತಿಂಗಳಿಗೆ 2000 ರೂಪಾಯಿ ಇಡುವ ಏರ್ಪಾಡು ಮಾಡಿತು. ಹಣ ತಾಯಿಯ ಕೈಗೆ ಹೋದಾಗ ಮಕ್ಕಳ ಹೊಟ್ಟೆಗೂ ಓದಿಗೂ ಹೆಚ್ಚು ತಲುಪುತ್ತದೆ ಎಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಇದನ್ನು ಬಿಟ್ಟಿ ಭಾಗ್ಯವೆಂದು ಹೀಯಾಳಿಸುವವರ ಸಾಲಿನಲ್ಲಿ ನಾವಿಲ್ಲ. ತೊಡಕಿರುವುದು ಬೇರೆಡೆ. ಪರ್ದಾ ಪಾಲಿಸುವ ಸೊಸೆ ಮಧ್ಯಾಹ್ನದ ಊಟಕ್ಕಾಗಿ ದಿನವೂ ಮತ್ತೊಂದು ಕೇರಿಯ ಅಂಗನವಾಡಿಗೆ ನಡೆದುಹೋಗಿ ಕುಳಿತು ಉಣ್ಣುವಳೇ? ಮೊಹಲ್ಲಾದೊಳಗೇ ಅಂಗನವಾಡಿ ಇದ್ದರೆ, ಅಲ್ಲಿ ಅವಳ ಭಾಷೆ ಬಲ್ಲ ಕಾರ್ಯಕರ್ತೆಯಿದ್ದರೆ ಹೋಗುತ್ತಾಳೆ. ಆ ಹುದ್ದೆಗೆ ಅರ್ಜಿ ಹಾಕಲು ಓದಿದ ಹೆಣ್ಣುಮಗಳು ಬೇಕು. ಆ ಹೆಣ್ಣುಮಗಳನ್ನು ಒಂಬತ್ತನೆಯ ತರಗತಿಯಲ್ಲೇ ಶಾಲೆ ಬಿಡಿಸಿ ಬೀಡಿಯ ಮೊರದ ಮುಂದೆ ಕೂರಿಸಿದವರು ನಾವೇ. 2005ರಿಂದ ಊರೂರಿಗೆ ಬಂದ ಆಶಾ ಕಾರ್ಯಕರ್ತೆಯರಲ್ಲಿ ನಮ್ಮ ಓಣಿಗಳಿಂದ ಆಯ್ಕೆಯಾದವರೆಷ್ಟು ಎಂದು ದಾವಣಗೆರೆ, ಹರಿಹರಗಳ ಪ್ರತಿ ಜಮಾಅತ್ ಒಮ್ಮೆ ಎಣಿಸಿ ನೋಡಲಿ.

ಜಕಾತ್ ಮತ್ತು ವಕ್ಫ್ ಆದಾಯದ ಬಗ್ಗೆ ನಮ್ಮ ಕಮಿಟಿಗಳಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಮಿನಾರ ಮತ್ತು ಗುಂಬಜ್‌ಗಳ ಎತ್ತರದ ಸುತ್ತಲೇ ಸುಳಿಯುತ್ತದೆ. ಮಸೀದಿಯ ಅಂಗಳದಲ್ಲಿ ಒಂದು ತೂಕದ ಯಂತ್ರ, ಎತ್ತರ ಅಳೆಯುವ ಒಂದು ಪಟ್ಟಿ ಇಡಲು ಮಿನಾರದ ಒಂದು ಮೊಳದಷ್ಟೂ ಖರ್ಚಾಗದು. ತಿಂಗಳಿಗೊಂದು ಶುಕ್ರವಾರ ತಾಯಿ ಕಾರ್ಡಿನೊಂದಿಗೆ ಬರುವ ಹೆಂಗಸರಿಗೆ ಮದರಸದ ಕೋಣೆಯೊಂದನ್ನು ಬಿಟ್ಟುಕೊಟ್ಟು, ಅಲ್ಲಿಗೆ ಪಕ್ಕದ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರನ್ನು ಆಹ್ವಾನಿಸುವುದಕ್ಕೆ ಯಾವ ಫತ್ವಾ ಅಡ್ಡ ಬರುತ್ತದೆ? ಆ ಕೋಣೆಗೆ ಕೇರಿಯ ಹಿಂದೂ ತಾಯಂದಿರೂ ಬರಲಿ. ಶೌಚಾಲಯದ ಅಧ್ಯಯನ ಕಲಿಸಿದ್ದು ಅದನ್ನೇ ಅಲ್ಲವೇ, ಒಬ್ಬರ ಮಗುವಿನ ಆರೋಗ್ಯ ಮತ್ತೊಬ್ಬರ ಅಂಗಳದಲ್ಲಿದೆ.

ಕಾರ್ಪೊರೇಟರುಗಳಿಗೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಒಳಚರಂಡಿ ನಿಮ್ಮ ವಾರ್ಡಿನ ಯಾವ ಬೀದಿಯವರೆಗೆ ಬಂದು ನಿಂತಿದೆ, ಏಕೆ ನಿಂತಿದೆ? ನಲ್ಲಿ ನೀರಿನ ಗುಣಮಟ್ಟ ಕೊನೆಯ ಬಾರಿ ಪರೀಕ್ಷೆಯಾದದ್ದು ಯಾವಾಗ, ವರದಿ ಎಲ್ಲಿದೆ? ಎಂಟನೆಯ ತರಗತಿ ಮುಗಿಸಿದ ಹುಡುಗಿ ಒಂಬತ್ತನೆಯ ತರಗತಿಗೆ ಎಷ್ಟು ದೂರ ನಡೆಯಬೇಕು? ಉರೂಸಿನ ಬ್ಯಾನರುಗಳಲ್ಲಿ ಕೈಮುಗಿದು ನಿಂತಿರುವ ಮುಖಗಳನ್ನು ಎದುರಿಗೆ ಕೂರಿಸಿಕೊಂಡು, ಓಣಿಯ ಹತ್ತು ಮಂದಿ ತಾಯಂದಿರನ್ನೂ ಜೊತೆಗಿಟ್ಟುಕೊಂಡು, ಈ ಉತ್ತರಗಳನ್ನು ಬರೆದು ಕೊಡಿ ಎಂದು ಕೇಳುವ ಸಭೆ ಮುಂದಿನ ಚುನಾವಣೆಯವರೆಗೆ ಕಾಯಬೇಕಾಗಿಲ್ಲ. ಮಾಹಿತಿ ಹಕ್ಕಿನ ಕಾಯಿದೆ 2005ರಿಂದ ಜಾರಿಯಲ್ಲಿದೆ, ಅರ್ಜಿಯ ಶುಲ್ಕ ಕರ್ನಾಟಕದಲ್ಲಿ ಹತ್ತು ರೂಪಾಯಿ.